ವಿಮಾನಯಾನದ ಪದವಿ: ಕಲಿಸುವುದೇನು, ಕೊಡುವುದೇನು?

2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ಕಾರ್ಯಾರಂಭ ಮಾಡಿದಾಗ, ಅದಕ್ಕಾಗಿ ಸುಮಾರು ನಾಲ್ಕು ಸಾವಿರ ಎಕರೆ ಬಿಟ್ಟುಕೊಟ್ಟ ಸೀಮೆಯ ಮಕ್ಕಳಿಗೆ ಅಲ್ಲಿ ಎಂತಹ ಕೆಲಸ ದೊರೆಯಬಹುದು ಎಂಬ ಪ್ರಶ್ನೆಗೆ ಯಾರ ಬಳಿಯೂ ಸಿದ್ಧ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ಮಾರುಕಟ್ಟೆ ಕಂಡುಕೊಂಡ ಉತ್ತರಗಳಲ್ಲಿ ಒಂದು ವಿಮಾನಯಾನದ ಪದವಿ. ಬಿಬಿಎ ಏವಿಯೇಷನ್, ಬಿಎಸ್ಸಿ ಏವಿಯೇಷನ್ ಎಂಬ ಹೆಸರುಗಳು ಈಗ ಪಿಯುಸಿ ಫಲಿತಾಂಶದ ದಿನಗಳಲ್ಲಿ ಮನೆಮನೆಯ ಚರ್ಚೆಗೆ ಬರುತ್ತವೆ. ಜಾಹೀರಾತುಗಳಲ್ಲಿ ಪೈಲಟ್ ಟೋಪಿ ಧರಿಸಿದ ಯುವಕ, ಗಗನಸಖಿಯ ಸಮವಸ್ತ್ರದ ಯುವತಿ, ಹಿನ್ನೆಲೆಯಲ್ಲಿ ಏರುತ್ತಿರುವ ವಿಮಾನ ಇದ್ದೇ ಇರುತ್ತವೆ.

ವಿಜಯಪುರದ ರೇಷ್ಮೆ ಬೆಳೆಗಾರರೊಬ್ಬರು ತಮ್ಮ ಮಗಳು ಇದನ್ನು ಓದಿದರೆ ವಿಮಾನ ಹಾರಿಸಬಲ್ಲಳೇ ಎಂದು ಕೇಳಿದ ಮೇಲೆ, ಇಂತಹ ಕೆಲವು ಪಠ್ಯಕ್ರಮಗಳನ್ನು ತರಿಸಿಕೊಂಡು ಓದಿದೆ. 1944ರ ಷಿಕಾಗೊ ಒಪ್ಪಂದ, ಅದರಿಂದ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ, ನಿಲ್ದಾಣದ ಆಡಳಿತ, ಟಿಕೆಟ್ ದರ ನಿಗದಿ, ಸರಕು ಸಾಗಣೆ, ಅಪಾಯಕಾರಿ ವಸ್ತುಗಳ ನಿರ್ವಹಣೆ, ಭದ್ರತೆ. ಇವುಗಳೊಡನೆ ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ಮಾನವ ಸಂಪನ್ಮೂಲ. ಒಂದು ಉದ್ಯಮವನ್ನು ಉದಾಹರಣೆಯಾಗಿಟ್ಟುಕೊಂಡು ಕಲಿಸುವ ವಾಣಿಜ್ಯ ಶಿಕ್ಷಣವೆಂದರೆ ತಪ್ಪಾಗಲಾರದು. ಅದರಲ್ಲಿ ಅಗೌರವದ ಮಾತೇನೂ ಇಲ್ಲ. ಆದರೆ ಅದು ಟೋಪಿಯ ಚಿತ್ರ ಹೇಳುವ ಕಥೆಯಲ್ಲ.

ವಿಮಾನ ಹಾರಿಸುವ ಹಕ್ಕನ್ನು ಕೊಡುವುದು ವಿಶ್ವವಿದ್ಯಾಲಯವಲ್ಲ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ವಾಣಿಜ್ಯ ಪೈಲಟ್ ಪರವಾನಗಿಗೆ ಹದಿನೆಂಟು ವರ್ಷ ತುಂಬಿರಬೇಕು, ಪಿಯುಸಿ ಮಟ್ಟದ ವಿದ್ಯಾರ್ಹತೆ ಇರಬೇಕು, ಕಟ್ಟುನಿಟ್ಟಾದ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ನೌಕಾಗಣನೆ, ಹವಾಮಾನ, ನಿಯಮಾವಳಿ ಮುಂತಾದ ವಿಷಯಗಳ ಪರೀಕ್ಷೆಗಳನ್ನು ಗೆಲ್ಲಬೇಕು. ಎಲ್ಲಕ್ಕಿಂತ ಮಿಗಿಲಾಗಿ 200 ಗಂಟೆಗಳ ಹಾರಾಟ ಪೂರೈಸಿರಬೇಕು. ಪದವಿಯ ಪ್ರಸ್ತಾಪವೇ ಇಲ್ಲ. ಖರ್ಚಿನ ಬಹುಭಾಗ ಇರುವುದು ಆ 200 ಗಂಟೆಗಳಲ್ಲಿ, ಅದು ಹತ್ತಾರು ಲಕ್ಷ ರೂಪಾಯಿಗಳ ಬಾಬತ್ತು. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿಂದ ದಶಕಗಳ ಕಾಲ ಹೊರಬಂದ ಪೈಲಟ್‌ಗಳಿಗೆ ಬಿಬಿಎ ಬೇಕಾಗಿರಲಿಲ್ಲ. ವಿಮಾನದ ದುರಸ್ತಿ ಮಾಡಿ, ಅದು ಹಾರಲು ಯೋಗ್ಯವೆಂದು ಸಹಿ ಹಾಕುವ ಎಂಜಿನಿಯರಿನ ಪರವಾನಗಿಗೂ ಪ್ರತ್ಯೇಕ ಮಾನ್ಯತೆ ಪಡೆದ ತರಬೇತಿ ಸಂಸ್ಥೆಗಳು, ಪ್ರತ್ಯೇಕ ಪರೀಕ್ಷೆಗಳು ಇವೆ. ಗಗನಸಖಿಯರಿಗೆ ವಿಮಾನ ಸಂಸ್ಥೆಗಳೇ ಕಡ್ಡಾಯ ತರಬೇತಿ ನೀಡುತ್ತವೆ.

ಇನ್ನೂ ವಿಚಿತ್ರವಾದುದು ವಾಯು ಸಂಚಾರ ನಿಯಂತ್ರಕರ ಹುದ್ದೆಯ ವಿಷಯ. ದೇವನಹಳ್ಳಿಯ ನಿಲ್ದಾಣವನ್ನು ನಡೆಸುವುದು ಬೇರೆ ಕಂಪನಿಯಾದರೂ ಆಕಾಶದ ಸಂಚಾರ ನಿಯಂತ್ರಣ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಯಲ್ಲಿದೆ. 2025ರಲ್ಲಿ ಪ್ರಾಧಿಕಾರ ಈ ಹುದ್ದೆಗೆ ಅರ್ಜಿ ಕರೆದಾಗ ಕೇಳಿದ್ದು ಭೌತಶಾಸ್ತ್ರ ಮತ್ತು ಗಣಿತ ಓದಿದ ಬಿಎಸ್ಸಿ, ಇಲ್ಲವೇ ಎಂಜಿನಿಯರಿಂಗ್ ಪದವಿ. ಹೊಸಕೋಟೆಯಲ್ಲೋ ನೆಲಮಂಗಲದಲ್ಲೋ ಇರುವ ಹುಡುಗಿ ಅಲ್ಪ ಶುಲ್ಕ ಕೊಟ್ಟು ಸರ್ಕಾರಿ ಕಾಲೇಜಿನಲ್ಲಿ ಈ ಎರಡು ವಿಷಯಗಳನ್ನು ಓದಿದ್ದರೆ ಆ ಪರೀಕ್ಷೆಗೆ ಕೂರಬಹುದಿತ್ತು. ಲಕ್ಷಗಟ್ಟಲೆ ತೆತ್ತು ಬಿಬಿಎ ಏವಿಯೇಷನ್ ಮುಗಿಸಿದ ಆಕೆಯ ಗೆಳತಿ ಕೂರುವಂತಿರಲಿಲ್ಲ. ಇದನ್ನು ಆ ಗೆಳತಿಗೆ ಪ್ರವೇಶದ ದಿನವೇ ಯಾರಾದರೂ ಹೇಳಿದ್ದರೇ?

ಹಾಗಾದರೆ ಈ ಪದವಿ ನಿರರ್ಥಕವೇ? ನನಗೆ ಹಾಗೆನ್ನಿಸುವುದಿಲ್ಲ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ಮೀರಿ ಕಂದಕಕ್ಕೆ ಉರುಳಿ 158 ಮಂದಿ ಮಡಿದರು. ಕ್ಯಾಪ್ಟನ್ ಹಾರಾಟದ ಬಹುಪಾಲು ನಿದ್ರಿಸಿದ್ದರು; ಎಚ್ಚೆತ್ತ ಮೇಲಿನ ಮಂಪರು ಅವರ ತೀರ್ಮಾನ ಶಕ್ತಿಯನ್ನು ಕುಂದಿಸಿರಬಹುದೆಂದು ವಿಚಾರಣಾ ವರದಿ ಹೇಳಿತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಸೂಚಿಸಿದ್ದೂ ದಾಖಲಾಗಿದೆ. ಇಲ್ಲಿ ಎರಡು ಪಾಠಗಳಿವೆ. ಹಿರಿಯರೆದುರು ಕಿರಿಯರ ಮಾತಿಗೆ ಬೆಲೆಯಿಲ್ಲದ ಕಚೇರಿ ಸಂಸ್ಕೃತಿ ಎಷ್ಟು ಅಪಾಯಕಾರಿ ಎಂಬುದು ಒಂದು. (ಸರ್ಕಾರಿ ಸೇವೆಯಲ್ಲಿ ನಾನು ಕಂಡ ಕಡತಗಳಿಗೂ ಈ ಪಾಠ ಅನ್ವಯಿಸುತ್ತದೆ, ಅಲ್ಲಿ ಕಂದಕ ತಕ್ಷಣ ಕಾಣುವುದಿಲ್ಲ, ಅಷ್ಟೆ.) ದಣಿವು ಎಂಬುದು ಲೆಕ್ಕಕ್ಕೆ ಸಿಗುವ ವಸ್ತು ಎಂಬುದು ಇನ್ನೊಂದು.

ಈ ಎರಡನೆಯದರ ಬೆಲೆ ಎಷ್ಟೆಂದು ದೇಶಕ್ಕೆ ತಿಳಿದದ್ದು 2025ರ ಡಿಸೆಂಬರ್‌ನಲ್ಲಿ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48ಕ್ಕೆ ಏರಿಸಿ, ರಾತ್ರಿಯ ಇಳಿತಗಳನ್ನು ಆರರಿಂದ ಎರಡಕ್ಕೆ ಇಳಿಸಿದ ನಿಯಮಗಳು ಆ ವರ್ಷದ ನವೆಂಬರ್ 1ರ ವೇಳೆಗೆ ಪೂರ್ಣವಾಗಿ ಜಾರಿಗೆ ಬಂದವು. ಬರುತ್ತವೆಂದು ಮೊದಲೇ ಗೊತ್ತಿತ್ತು. ಆದರೂ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಯಾದ ಇಂಡಿಗೋ ತನ್ನ ಸಿಬ್ಬಂದಿಯ ಪಾಳಿ ಪಟ್ಟಿಯನ್ನು ಹೊಂದಿಸಿಕೊಳ್ಳಲಾಗದೆ ಸಾವಿರಾರು ಹಾರಾಟಗಳನ್ನು ರದ್ದುಪಡಿಸಿತು. ನಿಯಂತ್ರಕ ಸಂಸ್ಥೆಯೇ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಇಲ್ಲಿ ಸೋತದ್ದು ಎಂಜಿನ್ ಅಲ್ಲ, ಪೈಲಟ್‌ನ ಕೌಶಲವೂ ಅಲ್ಲ. ಎಷ್ಟು ವಿಮಾನಗಳಿಗೆ ಎಷ್ಟು ಜನ, ಅವರಲ್ಲಿ ಯಾರು ಯಾವಾಗ ಮಲಗುತ್ತಾರೆ ಎಂಬ ಗಣಿತ ಸೋತಿತು. ಅದು ಶುದ್ಧ ಆಡಳಿತಶಾಸ್ತ್ರ. ಅದನ್ನು ಬಲ್ಲ ಇಪ್ಪತ್ತೊಂದರ ಯುವಕ ಯಾವ ಟೋಪಿಯೂ ಇಲ್ಲದೆ ಆ ಉದ್ಯಮಕ್ಕೆ ಅವಶ್ಯಕನಾಗುತ್ತಾನೆ. ಆದರೆ ಇದಕ್ಕೆ ಬೇಕಾದ ಸಂಖ್ಯಾಶಾಸ್ತ್ರ ನಾನು ಓದಿದ ಪಠ್ಯಕ್ರಮಗಳಲ್ಲಿ ತೆಳುವಾಗಿದೆ. ವ್ಯಕ್ತಿತ್ವ ವಿಕಸನಕ್ಕೆ ಮಾತ್ರ ಧಾರಾಳ ಅವಕಾಶವಿದೆ.

ಸರಕು ಸಾಗಣೆಯ ವಿಷಯದಲ್ಲೂ ಇದೇ ಮಾತು. ಪ್ರತಿ ವರ್ಷ ಫೆಬ್ರುವರಿ 14ರ ಮುನ್ನಾ ವಾರಗಳಲ್ಲಿ ಈ ಸೀಮೆಯ ಗುಲಾಬಿ ದೇವನಹಳ್ಳಿಯಿಂದ ಹೊರದೇಶಗಳಿಗೆ ಹಾರುತ್ತದೆ. ದೊಡ್ಡಬಳ್ಳಾಪುರದ ಪಾಲಿಹೌಸಿನಿಂದ ವಿಮಾನದ ಹೊಟ್ಟೆಯವರೆಗೆ ಆ ಹೂವು ತಣ್ಣಗೆ ಇರುವುದು ಹೇಗೆ, ಒಂದು ಗಂಟೆಯ ವಿಳಂಬದ ನಷ್ಟ ಯಾರ ತಲೆಗೆ ಎಂಬುದನ್ನು ಅಧ್ಯಯನ ಮಾಡಲು ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ಸ್ವಂತ ತಂದೆಯನ್ನೇ ಕೇಳಬಹುದು.

ಉದ್ಯಮದ ಚಂಚಲತೆಯನ್ನೂ ಮರೆಯಬಾರದು. ಬೆಂಗಳೂರಿನ ಕಿಂಗ್‌ಫಿಶರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ರೆಕ್ಕೆ ಮುದುಡಿಕೊಂಡವು. ಲೆಕ್ಕಶಾಸ್ತ್ರವನ್ನು ಗಟ್ಟಿಯಾಗಿ ಕಲಿತವರು ಬೇರೆಡೆ ಬದುಕಿಕೊಳ್ಳುತ್ತಾರೆ. ಟಿಕೆಟ್ ತಂತ್ರಾಂಶವೊಂದನ್ನೇ ಕಲಿತವರ ಪಾಡು ಬೇರೆ.

ಚನ್ನರಾಯಪಟ್ಟಣ ಹೋಬಳಿಯ ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ನಡೆಸಿ, ವೈಮಾನಿಕ ಉದ್ಯಾನಕ್ಕಾಗಿ ಗುರುತಿಸಿದ್ದ 1,777 ಎಕರೆಯನ್ನು 2025ರ ಜುಲೈನಲ್ಲಿ ಉಳಿಸಿಕೊಂಡರು. ಅದಕ್ಕೆ ಮುಂಚೆ ಭೂಮಿ ಕಳೆದುಕೊಂಡವರ ಕೈಯಲ್ಲಿ ಉಳಿದದ್ದು ಪರಿಹಾರದ ಹಣ. ಅದರಲ್ಲಿ ಒಂದು ಪಾಲು ಕಾಲೇಜು ಶುಲ್ಕವಾಗುತ್ತದೆ, ಮತ್ತು ಆ ಹಣ ಎರಡನೇ ಬಾರಿ ಬರುವುದಿಲ್ಲ. ಕಾಲೇಜುಗಳಿಗೆ ಮಾನ್ಯತೆ ಕೊಡುವ ಮುನ್ನ ವಿಶ್ವವಿದ್ಯಾಲಯಗಳು ಕಟ್ಟಡ, ಗ್ರಂಥಾಲಯ, ಅಧ್ಯಾಪಕರ ಸಂಖ್ಯೆಯನ್ನು ಪರಿಶೀಲಿಸುತ್ತವೆ. ಅದರೊಡನೆ ಇನ್ನೊಂದು ಷರತ್ತನ್ನು ಸೇರಿಸುವುದು ಕಷ್ಟವಲ್ಲ: ಈ ಪದವಿಯಿಂದ ಪೈಲಟ್ ಪರವಾನಗಿಯಾಗಲಿ ಎಂಜಿನಿಯರಿನ ಪರವಾನಗಿಯಾಗಲಿ ದೊರೆಯುವುದಿಲ್ಲ, ಸಂಚಾರ ನಿಯಂತ್ರಕರ ಹುದ್ದೆಗೆ ಇದು ಅರ್ಹತೆಯೋ ಅಲ್ಲವೋ, ಕಳೆದ ಮೂರು ವರ್ಷಗಳಲ್ಲಿ ತೇರ್ಗಡೆಯಾದವರು ಎಲ್ಲಿ, ಯಾವ ಸಂಬಳಕ್ಕೆ ದುಡಿಯುತ್ತಿದ್ದಾರೆ ಎಂಬ ವಿವರಗಳನ್ನು ಅರ್ಜಿಯ ಮೊದಲ ಪುಟದಲ್ಲೇ, ಶುಲ್ಕದ ಮೊತ್ತದ ಪಕ್ಕದಲ್ಲಿ, ಆ ತಂದೆ ಓದಬಲ್ಲ ಕನ್ನಡದಲ್ಲಿ ಮುದ್ರಿಸಬೇಕು.