ಒಂದೇ ಕಾಯಿಲೆಯ ಎರಡು ಇಲಿಗಳು

ಎರಡೂ ಇಲಿಗಳಿಗೆ ಬಿಳಿ ತುಪ್ಪಳ, ಕಪ್ಪು ಕಣ್ಣು. ಎರಡಕ್ಕೂ ಹುಟ್ಟಿನಿಂದಲೇ ರಕ್ತಹೀನತೆ, ಜೊತೆಗೆ ಬಂಜೆತನ. ಒಂದು ತಳಿಗೆ ‘ಡಬ್ಲ್ಯು’ ಎಂದೂ ಇನ್ನೊಂದಕ್ಕೆ ‘ಸ್ಟೀಲ್’ ಎಂದೂ ಹೆಸರು. ನೋಡಿದವರಿಗೆ ಇವೆರಡರ ಕಾಯಿಲೆ ಒಂದೇ ಎನಿಸುತ್ತದೆ. ಹಾಗಲ್ಲವೆಂದು ತೋರಿಸಿಕೊಟ್ಟದ್ದು ಅಸ್ಥಿಮಜ್ಜೆಯ ಕಸಿ.

ಇಲಿಯ ಕೆಂಪು ರಕ್ತಕಣದ ಆಯಸ್ಸು ಸುಮಾರು 40 ದಿನ. ಸತ್ತ ಕಣಗಳ ಜಾಗಕ್ಕೆ ಹೊಸವು ಬರುತ್ತಲೇ ಇರಬೇಕು. ಅವುಗಳ ಮೂಲ ಮಜ್ಜೆಯಲ್ಲಿರುವ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು. ಸಂಖ್ಯೆಯಲ್ಲಿ ಇವು ತೀರಾ ಕಡಿಮೆ. ಆದರೆ ಒಂದೊಂದಕ್ಕೂ ಬಗೆಬಗೆಯ ರಕ್ತಕಣಗಳನ್ನು ಹುಟ್ಟಿಸುವ, ತನ್ನಂಥದೇ ಇನ್ನೊಂದು ಕೋಶವನ್ನು ಉಳಿಸಿಕೊಳ್ಳುವ ಸಾಮರ್ಥ್ಯವಿದೆ.

ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ ಎಲಿಜಬೆತ್ ರಸೆಲ್ ಮತ್ತು ಸಂಗಡಿಗರು 1956ರಲ್ಲಿ, ವಿಕಿರಣಕ್ಕೊಡ್ಡಿದ ಡಬ್ಲ್ಯು ಇಲಿಗಳಿಗೆ ಆರೋಗ್ಯವಂತ ಇಲಿಗಳ ರಕ್ತೋತ್ಪಾದಕ ಅಂಗಾಂಶವನ್ನು ಕಸಿ ಮಾಡಿದರು. ರಕ್ತಹೀನತೆ ನೀಗಿತು. 1959ರಲ್ಲಿ ವಿಕಿರಣವನ್ನೇ ಕೈಬಿಟ್ಟು ನೋಡಿದಾಗಲೂ ಕಸಿ ಹಿಡಿಯಿತು! ಸಾಮಾನ್ಯವಾಗಿ ಹಳೆಯ ಕೋಶಗಳನ್ನು ಕೊಲ್ಲದಿದ್ದರೆ ಹೊಸವು ನೆಲೆಯೂರುವುದು ಕಷ್ಟ. ಡಬ್ಲ್ಯು ಇಲಿಯಲ್ಲಿ ಮಾತ್ರ ಸ್ವಂತ ಕೋಶಗಳು ಎಷ್ಟು ದುರ್ಬಲವೆಂದರೆ, ಹೊರಗಿನಿಂದ ಬಂದವು ಅವನ್ನು ಹಿಂದಿಕ್ಕಿ ಜಾಗ ಹಿಡಿದುಬಿಡುತ್ತವೆ.

ಸ್ಟೀಲ್ ಇಲಿಯ ಕಥೆಯೇ ಬೇರೆ. ಎಂಥ ಒಳ್ಳೆಯ ಮಜ್ಜೆ ಕೊಟ್ಟರೂ ಅದರ ರಕ್ತ ಸುಧಾರಿಸಲಿಲ್ಲ. ಆದರೆ ಅದೇ ರೋಗಿ ಇಲಿಯ ಮಜ್ಜೆಯನ್ನು ತೆಗೆದು ಡಬ್ಲ್ಯು ಇಲಿಗೆ ಕೊಟ್ಟರೆ, ಡಬ್ಲ್ಯು ಗುಣವಾಯಿತು! 1960ರ ದಶಕದಲ್ಲಿ ಟೊರಾಂಟೊದ ಮೆಕ್‌ಕಲಕ್, ಟಿಲ್ ಮತ್ತು ಸಿಮಿನೊವಿಚ್ ಈ ಒಗಟಿನ ಎರಡೂ ತುದಿಗಳನ್ನು ಬಿಡಿಸಿದರು. ಡಬ್ಲ್ಯುವಿನಲ್ಲಿ ಬಿತ್ತನೆಬೀಜ, ಅಂದರೆ ಆಕರಕೋಶವೇ ಕೆಟ್ಟಿದೆ; ಸ್ಟೀಲ್‌ನಲ್ಲಿ ಅದು ಬೆಳೆಯಬೇಕಾದ ಹೊಲ ಕೆಟ್ಟಿದೆ.

ಅಣುಮಟ್ಟದ ವಿವರಣೆಗೆ ಇನ್ನೂ ಎರಡು ದಶಕ ಕಾಯಬೇಕಾಯಿತು. ಡಬ್ಲ್ಯು ದೋಷವಿರುವುದು ‘ಕಿಟ್’ ಎಂಬ ಜೀನ್‌ನಲ್ಲಿ ಎಂದು 1988ರಲ್ಲಿ ತಿಳಿಯಿತು. ಆಕರಕೋಶದ ಮೈಮೇಲೆ ಕೂತು ಹೊರಗಿನ ಸಂದೇಶ ಹಿಡಿಯುವ ಗ್ರಾಹಕ ಪ್ರೋಟೀನನ್ನು ತಯಾರಿಸುವ ಜೀನ್ ಅದು. ಆ ಸಂದೇಶವನ್ನು ಹೊತ್ತ ಪ್ರೋಟೀನನ್ನು ಸುತ್ತಲಿನ ಕೋಶಗಳು ತಯಾರಿಸುತ್ತವೆ. ಸ್ಟೀಲ್ ಇಲಿಯಲ್ಲಿ ಕೆಟ್ಟಿರುವುದು ಆ ಪ್ರೋಟೀನಿನ ಜೀನ್ ಎಂಬುದು 1990ರಲ್ಲಿ ಖಚಿತವಾಯಿತು. ಬಣ್ಣದ ಕೋಶಗಳೂ ಸಂತಾನೋತ್ಪತ್ತಿಯ ಕೋಶಗಳೂ ಬದುಕಿ ಬೆಳೆಯಲು ಇದೇ ಸಂದೇಶ ಬೇಕು. ಬಿಳಿ ತುಪ್ಪಳ, ರಕ್ತಹೀನತೆ, ಬಂಜೆತನ ಒಟ್ಟೊಟ್ಟಿಗೆ ಬಂದದ್ದು ಇದರಿಂದಲೇ.

ಈ ಇಲಿಗಳು ಮುಪ್ಪಿನ ಬಗ್ಗೆಯೂ ಪಾಠ ಹೇಳಿದವು. ಜಾಕ್ಸನ್ ಪ್ರಯೋಗಾಲಯದ ಡೇವಿಡ್ ಹ್ಯಾರಿಸನ್ ಆರೋಗ್ಯವಂತ ಇಲಿಯ ಮಜ್ಜೆಯನ್ನು ಒಂದು ಡಬ್ಲ್ಯು ಇಲಿಯಿಂದ ಮತ್ತೊಂದಕ್ಕೆ ದಾಟಿಸುತ್ತ ಹೋದರು. ಇಲಿಯ ಆಯಸ್ಸು ಎರಡು-ಮೂರು ವರ್ಷ. ಆ ಮಜ್ಜೆಯಾದರೋ 73 ತಿಂಗಳು ಸರಿಯಾಗಿಯೇ ಕೆಂಪುಕಣ ತಯಾರಿಸಿತೆಂದು 1973ರಲ್ಲಿ ಅವರು ವರದಿ ಮಾಡಿದರು.

ವಿಕಿರಣವಿಲ್ಲದೆ ಹಿಡಿದ ಆ ಕಸಿಯ ಸುಳಿವು ಈಗ ಆಸ್ಪತ್ರೆಯ ಬಾಗಿಲಿಗೆ ಬಂದಿದೆ. 2007ರಲ್ಲಿ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಿಗೆ ಕಿಟ್ ಗ್ರಾಹಕವನ್ನು ತಡೆಯುವ ಪ್ರತಿಕಾಯ ಕೊಟ್ಟು, ಅವುಗಳ ಆಕರಕೋಶಗಳನ್ನು ತೆರವುಗೊಳಿಸಿ ದಾನಿಯ ಕೋಶಗಳಿಗೆ ಜಾಗ ಮಾಡಿದರು. ಕಸಿಗೆ ಮುಂಚಿನ ವಿಷಕಾರಿ ಔಷಧಿ ಮತ್ತು ವಿಕಿರಣದ ಹೊರೆಯನ್ನು ಇಳಿಸಲು ಇಂಥ ಪ್ರತಿಕಾಯವನ್ನು ಜನ್ಮಜಾತ ರೋಗನಿರೋಧಕ ಕೊರತೆಯಿರುವ ಮಕ್ಕಳಲ್ಲೂ ಪರೀಕ್ಷಿಸಲಾಗಿದೆ.