ನೆಲ ಯಾರದು? ಆರೈಕೆಯ ಖರ್ಚು ಯಾರದು?

2013ನೆಯ ಇಸವಿ ಅಕ್ಟೋಬರ್ ತಿಂಗಳ ಮೊದಲನೆಯ ದಿನ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಬಾಗಿಲುಗಳೆಲ್ಲ ಮುಚ್ಚಿದುವು. ಆಯವ್ಯಯದ ವಿಷಯದಲ್ಲಿ ವಾಷಿಂಗ್ಟನ್ನಿನ ಶಾಸಕರಲ್ಲಿ ಒಮ್ಮತ ಮೂಡದೆ ಹೋದುದರಿಂದ ಕೇಂದ್ರ ಸರ್ಕಾರದ ಎಷ್ಟೋ ಇಲಾಖೆಗಳಿಗೆ ದಿನದ ವೆಚ್ಚಕ್ಕೂ ಹಣವಿಲ್ಲದಂತಾಗಿತ್ತು. ಪಶ್ಚಿಮದ ಯೂಟಾ ರಾಜ್ಯಕ್ಕೆ ಈ ಪೆಟ್ಟು ಬಲವಾಗಿ ತಗಲಿತು. ಜಾಯನ್, ಬ್ರೈಸ್ ಕ್ಯಾನಿಯನ್, ಆರ್ಚಸ್, ಕ್ಯಾನಿಯನ್‌ಲ್ಯಾಂಡ್ಸ್, ಕ್ಯಾಪಿಟಲ್ ರೀಫ್ ಎಂಬ ಐದು ರಾಷ್ಟ್ರೀಯ ಉದ್ಯಾನಗಳು ಅಲ್ಲಿವೆ. ಕೆಂಪು ಕಲ್ಲಿನ ಕಮಾನುಗಳನ್ನೂ ಕಣಿವೆಗಳನ್ನೂ ನೋಡಲು ಬರುವ ಪ್ರವಾಸಿಗರನ್ನೇ ನಂಬಿದ ಊರುಗಳಲ್ಲಿ ಹೋಟೆಲುಗಳು ಬರಿದಾದುವು. ಅಂಗಡಿಗಳಲ್ಲಿ ವ್ಯಾಪಾರ ನಿಂತಿತು.

ಹತ್ತು ದಿನಗಳು ಕಳೆದ ಮೇಲೆ ಯೂಟಾದ ಗವರ್ನರ್ ಗ್ಯಾರಿ ಹರ್ಬರ್ಟ್ ಅವರು ಕೇಂದ್ರ ಸರ್ಕಾರದೊಡನೆ ಒಂದು ವಿಚಿತ್ರವಾದ ಒಪ್ಪಂದ ಮಾಡಿಕೊಂಡರು. ರಾಜ್ಯದ ಬೊಕ್ಕಸದಿಂದ 16 ಲಕ್ಷ 70 ಸಾವಿರ ಡಾಲರುಗಳನ್ನು ಕೊಡುವುದು. ಆ ಹಣದಿಂದ ಕೇಂದ್ರದ ನೌಕರರು ಐದು ಉದ್ಯಾನಗಳನ್ನೂ ಇನ್ನು ಮೂರು ತಾಣಗಳನ್ನೂ ಹತ್ತು ದಿನಗಳವರೆಗೆ ತೆರೆದಿಡುವುದು. ಕೇಂದ್ರದ ನೆಲವನ್ನು ರಾಜ್ಯದ ತೆರಿಗೆದಾರರ ಹಣ ಕಾಯಿತು.

ಇದರಲ್ಲಿ ಸ್ವಾರಸ್ಯವಾದ ಮಾತೊಂದಿದೆ. ಇದೇ ಹರ್ಬರ್ಟ್ ಅವರು ಅದರ ಹಿಂದಿನ ವರ್ಷ, 2012ರಲ್ಲಿ, ಒಂದು ಶಾಸನಕ್ಕೆ ಸಹಿ ಹಾಕಿದ್ದರು. ರಾಜ್ಯದೊಳಗೆ ಕೇಂದ್ರದ ವಶದಲ್ಲಿರುವ ಮೂರು ಕೋಟಿ ಎಕರೆಗೂ ಮಿಕ್ಕ ಭೂಮಿಯನ್ನು 2014ರ ಡಿಸೆಂಬರ್ 31ರೊಳಗೆ ಯೂಟಾಕ್ಕೆ ಬಿಟ್ಟುಕೊಡತಕ್ಕದ್ದೆಂದು ಆ ಶಾಸನ ವಾಷಿಂಗ್ಟನ್ನಿಗೆ ಗಡುವು ಹಾಕಿತ್ತು. ರಾಷ್ಟ್ರೀಯ ಉದ್ಯಾನಗಳನ್ನು ಮಾತ್ರ ಆ ಬೇಡಿಕೆಯಿಂದ ಹೊರಗಿಟ್ಟಿದ್ದರು. ಗಡುವು ಕಳೆಯಿತು, ಭೂಮಿ ಕೈ ಬದಲಾಗಲಿಲ್ಲ. ಆದರೆ ಆ ಬೇಡಿಕೆಯ ಒಳಗೆ ಅಡಗಿದ್ದ ಪ್ರಶ್ನೆ ಇಂದಿಗೂ ಉಳಿದಿದೆ: ನೆಲವನ್ನು ಕೇಳುವವರು ಅದರ ಆರೈಕೆಯ ಖರ್ಚನ್ನೂ ಹೊರಬಲ್ಲರೆ?

ಕಾಲುಭಾಗಕ್ಕಿಂತ ಹೆಚ್ಚು ನೆಲ

ಅಮೆರಿಕ ಸಂಯುಕ್ತ ಸಂಸ್ಥಾನದ ಒಟ್ಟು ನೆಲದಲ್ಲಿ ಸುಮಾರು 64 ಕೋಟಿ ಎಕರೆ, ಅಂದರೆ ನೂರಕ್ಕೆ 28 ಪಾಲು, ಕೇಂದ್ರ ಸರ್ಕಾರದ ಸ್ವತ್ತು. ಇದು ದೇಶದಲ್ಲೆಲ್ಲ ಸಮನಾಗಿ ಹಂಚಿಹೋಗಿಲ್ಲ. ಪೂರ್ವದ ರಾಜ್ಯಗಳಲ್ಲಿ ಇದರ ಪಾಲು ತೀರ ಅಲ್ಪ. ಪಶ್ಚಿಮದ ನೆವಾಡದಲ್ಲಿ ನೂರಕ್ಕೆ 80ರಷ್ಟು, ಯೂಟಾದಲ್ಲಿ 60ಕ್ಕೂ ಮಿಗಿಲು. ವಿಸ್ತೀರ್ಣದಲ್ಲಿ ಯೂಟಾ ನಮ್ಮ ಕರ್ನಾಟಕಕ್ಕಿಂತ ತುಸು ದೊಡ್ಡದು. ಜನಸಂಖ್ಯೆಯಾದರೋ ಸುಮಾರು 35 ಲಕ್ಷ ಮಾತ್ರ. ಅಷ್ಟು ಜನರ ನಡುವೆ ಅಷ್ಟು ನೆಲ. ಅದರಲ್ಲಿಯೂ ಬಹುಪಾಲು ಒಣಭೂಮಿ, ಕಲ್ಲು, ಕುರುಚಲು.

ಈ ಪರಿಸ್ಥಿತಿ ಬಂದುದಾದರೂ ಹೇಗೆ? 1862ರಲ್ಲಿ ಲಿಂಕನ್ನರ ಕಾಲದಲ್ಲಿ ಬಂದ ಹೋಂಸ್ಟೆಡ್ ಶಾಸನದಂತೆ, ಐದು ವರ್ಷ ನೆಲೆನಿಂತು ಬೇಸಾಯ ಮಾಡಿದವನಿಗೆ 160 ಎಕರೆ ಭೂಮಿ ದೊರೆಯುತ್ತಿತ್ತು. ಮಳೆ ಬೀಳುವ ಕಡೆ ಜನ ನುಗ್ಗಿ ಬಂದರು. ಮಳೆಯಿಲ್ಲದ ಪಶ್ಚಿಮದಲ್ಲಿ 160 ಎಕರೆಯಿಂದ ಒಂದು ಸಂಸಾರ ಬದುಕುವಂತಿರಲಿಲ್ಲ. ಯಾರೂ ಕೇಳದ ನೆಲ ಸರ್ಕಾರದಲ್ಲಿಯೇ ಉಳಿಯಿತು. 1896ರಲ್ಲಿ ಯೂಟಾ ರಾಜ್ಯದ ಪದವಿ ಪಡೆದಾಗ, ಯಾರಿಗೂ ಹಂಚಿಕೆಯಾಗದ ಸರ್ಕಾರಿ ಭೂಮಿಯ ಮೇಲೆ ತನಗೆ ಎಂದೆಂದಿಗೂ ಹಕ್ಕಿಲ್ಲವೆಂದು ಬರೆದುಕೊಟ್ಟಿತು. ಅದಕ್ಕೆ ಪ್ರತಿಯಾಗಿ, ಅಳತೆ ಮಾಡಿದ ಪ್ರತಿ 36 ಚದರ ಮೈಲಿಯಲ್ಲಿ ನಾಲ್ಕು ಚದರ ಮೈಲಿ ನೆಲವನ್ನು ಶಾಲೆಗಳ ಪೋಷಣೆಗಾಗಿ ಪಡೆಯಿತು.

ಕೊಡುತ್ತೇವೆಂದರೂ ಬೇಡವೆಂದ ಕಾಲ

ಕೇಂದ್ರವು ಈ ನೆಲವನ್ನು ತಾನಾಗಿಯೇ ಕೊಡಲು ಮುಂದೆ ಬಂದ ಕಾಲವೊಂದಿತ್ತೆಂದರೆ ಇಂದಿನವರು ನಂಬಲಾರರು. 1929ರಲ್ಲಿ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರು, ಗೋಮಾಳದಂತೆ ಬಿದ್ದಿದ್ದ ಸರ್ಕಾರಿ ಭೂಮಿಯ ಮೇಲ್ಪದರದ ಹಕ್ಕನ್ನು ರಾಜ್ಯಗಳಿಗೆ ವಹಿಸಿಬಿಡೋಣವೆಂದು ಸೂಚಿಸಿದರು. ಖನಿಜಗಳು ಮಾತ್ರ ಕೇಂದ್ರದಲ್ಲಿ ಉಳಿಯಬೇಕು. ಹೂವರ್ ರಿಪಬ್ಲಿಕನ್ ಪಕ್ಷದವರು. ಸ್ಥಳೀಯರ ಹೊಣೆ ಸ್ಥಳೀಯರಿಗಿರಲಿ ಎಂಬ ತತ್ತ್ವದವರು.

ಪಶ್ಚಿಮದ ರಾಜ್ಯಗಳು ಕೈ ಮುಗಿದು ಬೇಡವೆಂದುವು. ಅಂದಿನ ಯೂಟಾದ ಗವರ್ನರ್ ಜಾರ್ಜ್ ಡರ್ನ್ ಅವರು 1932ರಲ್ಲಿ ಕಾಂಗ್ರೆಸ್ಸಿನ ಸಮಿತಿಯ ಮುಂದೆ ನಿಂತು, ಇಂಥದೇ ಲಕ್ಷಾಂತರ ಎಕರೆ ಶಾಲಾಭೂಮಿ ಮಾರಲಾಗದೆ, ಗುತ್ತಿಗೆಗೂ ಹೋಗದೆ ತಮ್ಮಲ್ಲಿ ಬಿದ್ದಿದೆ, ಮರುಭೂಮಿಯ ಈ ಆಸ್ತಿ ಇನ್ನಷ್ಟು ತಮಗೇಕೆ ಎಂದು ಕೇಳಿದರು. ಮೇಲಿನ ಹುಲ್ಲು ರಾಜ್ಯಕ್ಕೆ, ಕೆಳಗಿನ ಎಣ್ಣೆ ಕೇಂದ್ರಕ್ಕೆ ಎಂಬ ಪಾಲುಪಟ್ಟಿ ಅವರಿಗೆ ಹಿಡಿಸದಿದ್ದುದು ಸಹಜವೇ. ಬಿಳಿಯಾನೆಯನ್ನು ದಾನ ಪಡೆದು ಸಾಕುವವರು ಯಾರು?

ಇದಾದ ಎರಡೇ ವರ್ಷಕ್ಕೆ, 1934ರಲ್ಲಿ, ಟೇಲರ್ ಶಾಸನವು ಆ ಹುಲ್ಲುಗಾವಲುಗಳನ್ನು ಕೇಂದ್ರದ ಕಟ್ಟುನಿಟ್ಟಿಗೆ ಒಳಪಡಿಸಿತು. ಅಂಕೆಯಿಲ್ಲದೆ ಮೇಯಿಸಿ ನೆಲ ಸವೆದುಹೋಗಿತ್ತು. ಅಂದಿನಿಂದ ದನ ಮೇಯಿಸುವವನು ಪರವಾನಗಿ ಪಡೆದು ಶುಲ್ಕ ಕಟ್ಟಬೇಕಾಯಿತು. 1946ರಲ್ಲಿ ಈ ಕೆಲಸಕ್ಕಾಗಿಯೇ ಭೂ ನಿರ್ವಹಣಾ ಇಲಾಖೆ ಏರ್ಪಟ್ಟಿತು. ಕೊನೆಗೆ 1976ರ ಶಾಸನವು, ಈ ಭೂಮಿ ಸಾಮಾನ್ಯವಾಗಿ ರಾಷ್ಟ್ರದ ಸ್ವತ್ತಾಗಿಯೇ ಉಳಿಯತಕ್ಕದ್ದೆಂದು ಸಾರಿತು. ಕಲಹ ಮೊಳೆತುದು ಅಲ್ಲಿಂದ.

ಕುರುಚಲು ಗಿಡದ ಬಂಡಾಯ

1979ರಲ್ಲಿ ನೆವಾಡದ ಶಾಸನಸಭೆಯು ಭೂ ನಿರ್ವಹಣಾ ಇಲಾಖೆಯ ನೆಲವೆಲ್ಲ ತನ್ನದೆಂದು ಶಾಸನ ಮಾಡಿತು. ಆ ಪ್ರಾಂತದ ಬೂದುಬಣ್ಣದ ಗಿಡದ ಹೆಸರಿನಿಂದ ಈ ಚಳವಳಿಗೆ ‘ಸೇಜ್‌ಬ್ರಷ್ ಬಂಡಾಯ’ವೆಂಬ ಹೆಸರು ಬಂದಿತು. 1980ರ ಚುನಾವಣೆಯಲ್ಲಿ ರೊನಾಲ್ಡ್ ರೇಗನ್ ಅವರು ತಾವೂ ಆ ಬಂಡಾಯದವರಲ್ಲಿ ಒಬ್ಬರೆಂದು ಬಹಿರಂಗವಾಗಿ ಹೇಳಿಕೊಂಡರು.

ಬಂಡಾಯದವರ ದೂರುಗಳೆಲ್ಲ ಹುರುಳಿಲ್ಲದವೆಂದು ಹೇಳುವಂತಿಲ್ಲ. ಕೇಂದ್ರದ ಭೂಮಿಯ ಮೇಲೆ ರಾಜ್ಯ ತೆರಿಗೆ ಹಾಕುವಂತಿಲ್ಲ. ಶಾಲೆ, ರಸ್ತೆ, ಪೊಲೀಸು ಇವುಗಳ ಭಾರವೆಲ್ಲ ಉಳಿದ ಅಲ್ಪ ನೆಲದ ಮೇಲೆ ಬೀಳುತ್ತದೆ. ನಿರ್ಧಾರಗಳು ಸಾವಿರಾರು ಮೈಲಿ ದೂರದಲ್ಲಿ ಆಗುತ್ತವೆ. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರು ದಕ್ಷಿಣ ಯೂಟಾದ ಸುಮಾರು 17 ಲಕ್ಷ ಎಕರೆಯನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿದರು. ಅದನ್ನು ಘೋಷಿಸಿದುದು ಯೂಟಾದಲ್ಲಿ ಅಲ್ಲ. ನೆರೆಯ ಅರಿಜೋನಾದ ಗ್ರ್ಯಾಂಡ್ ಕ್ಯಾನಿಯನ್ನಿನ ಅಂಚಿನಲ್ಲಿ ನಿಂತು. ಅಲ್ಲಿ ಕಲ್ಲಿದ್ದಲಿನ ಗಣಿಯನ್ನು ಎದುರುನೋಡುತ್ತಿದ್ದ ಜನರಿಗೆ ಈ ಅವಮಾನ ಬಹುಕಾಲ ಮರೆಯಲಿಲ್ಲ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವುಂಟು. ತೆರಿಗೆಯ ನಷ್ಟ ತುಂಬಲೆಂದು 1976ರಿಂದ ಕೇಂದ್ರವು ಜಿಲ್ಲೆಗಳಿಗೆ ಪರಿಹಾರಧನ ಕೊಡುತ್ತಿದೆ. ಕೇಂದ್ರದ ನೆಲದಿಂದ ಬರುವ ಎಣ್ಣೆ, ಅನಿಲ, ಕಲ್ಲಿದ್ದಲುಗಳ ರಾಜಧನದಲ್ಲಿ ಸರಿಸುಮಾರು ಅರ್ಧ ಆಯಾ ರಾಜ್ಯಕ್ಕೆ ಸೇರುತ್ತದೆ. ಇನ್ನು ಗೋಮಾಳದ ಲೆಕ್ಕ: 2004ರ ಆರ್ಥಿಕ ವರ್ಷದಲ್ಲಿ ದನ ಮೇಯಿಸುವ ವ್ಯವಸ್ಥೆಗಾಗಿ ಕೇಂದ್ರದ ಇಲಾಖೆಗಳು ಖರ್ಚು ಮಾಡಿದುದು ಕಡಮೆಯೆಂದರೆ 14 ಕೋಟಿ 40 ಲಕ್ಷ ಡಾಲರು, ಶುಲ್ಕದಿಂದ ಬಂದುದು ಸುಮಾರು 2 ಕೋಟಿ 10 ಲಕ್ಷ. 2025ರಲ್ಲಿಯೂ ಒಂದು ಹಸು ಮತ್ತು ಅದರ ಕರು ಒಂದು ತಿಂಗಳು ಮೇಯಲು ತೆರಬೇಕಾದ ಶುಲ್ಕ 1 ಡಾಲರು 35 ಸೆಂಟು ಮಾತ್ರ. ಉಳಿದುದನ್ನು ಭರಿಸುವವರು, ಆ ಹುಲ್ಲನ್ನು ಕಣ್ಣಿಂದ ಕಾಣದ ನ್ಯೂಯಾರ್ಕಿನ, ಷಿಕಾಗೋವಿನ ತೆರಿಗೆದಾರರು.

ಬೆಂಕಿಯೆಂಬ ಬಾಕಿ

ಆರೈಕೆಯೆಂದರೆ ಬೇಲಿ ಹಾಕಿ ಕಾವಲುಗಾರನನ್ನು ಇಟ್ಟರೆ ಮುಗಿಯುವುದಲ್ಲ. ಅದರಲ್ಲಿ ಅತ್ಯಂತ ದುಬಾರಿಯಾದುದು ಬೆಂಕಿ. 1910ರ ಆಗಸ್ಟಿನಲ್ಲಿ ಐಡಹೊ, ಮೊಂಟಾನ ಪ್ರಾಂತಗಳಲ್ಲಿ ಎರಡು ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟು, 80ಕ್ಕೂ ಹೆಚ್ಚು ಮಂದಿ ಸತ್ತರು. ಆಗ ಕೇವಲ ಐದು ವರ್ಷದ ಕೂಸಾಗಿದ್ದ ಕೇಂದ್ರದ ಅರಣ್ಯ ಇಲಾಖೆ, ಬೆಂಕಿಯನ್ನು ಕಂಡಲ್ಲೆಲ್ಲ ಆರಿಸಿಯೇ ತೀರುವ ವ್ರತ ತೊಟ್ಟಿತು. 1935ರಿಂದ, ಇಂದು ಕಂಡ ಬೆಂಕಿ ನಾಳೆ ಬೆಳಗ್ಗೆ ಹತ್ತು ಗಂಟೆಯೊಳಗೆ ಅಂಕೆಗೆ ಬರಬೇಕೆಂಬುದು ನಿಯಮವಾಯಿತು.

ಒಳ್ಳೆಯ ಉದ್ದೇಶದಿಂದ ಮಾಡಿದ ಈ ಕೆಲಸದ ಫಲ ಕೆಟ್ಟದಾಯಿತು. ಆಗಾಗ್ಗೆ ಸಣ್ಣ ಬೆಂಕಿ ಹಾಯ್ದು ತರಗನ್ನೂ ಎಳೆಗಿಡಗಳನ್ನೂ ಸುಡುತ್ತಿದ್ದ ಕಾಡುಗಳಲ್ಲಿ ದಶಕಗಳ ಸೌದೆ ಕೂಡಿಬಿದ್ದಿತು. ಹುಲ್ಲುಗಾವಲುಗಳಿಗೆ ವಿದೇಶದ ಚೀಟ್‌ಗ್ರಾಸ್ ಎಂಬ ಕಳೆ ಹೊಕ್ಕಿತು. ಬೇಸಗೆಯ ಆರಂಭದಲ್ಲೇ ಒಣಗಿ ನಿಲ್ಲುವ ಈ ಹುಲ್ಲಿಗೆ ಒಂದು ಕಿಡಿ ಸಾಕು. 2007ರಲ್ಲಿ ಯೂಟಾದ ಮಿಲ್‌ಫೋರ್ಡ್ ಬಯಲಿನಲ್ಲಿ ಹತ್ತಿದ ಒಂದೇ ಬೆಂಕಿ 3 ಲಕ್ಷ 60 ಸಾವಿರ ಎಕರೆಯನ್ನು ಆಹುತಿ ತೆಗೆದುಕೊಂಡಿತು. 1995ರಲ್ಲಿ ಕೇಂದ್ರ ಅರಣ್ಯ ಇಲಾಖೆಯ ವೆಚ್ಚದಲ್ಲಿ ನೂರಕ್ಕೆ 16 ಪಾಲು ಬೆಂಕಿಯ ಬಾಬ್ತಿಗೆ ಹೋಗುತ್ತಿತ್ತು. 2015ರ ವೇಳೆಗೆ ಅದು ಅರ್ಧವನ್ನು ಮೀರಿತು. 2021ರಲ್ಲಿ ಬೆಂಕಿ ಆರಿಸಲು ಕೇಂದ್ರವು ಮಾಡಿದ ಖರ್ಚು 400 ಕೋಟಿ ಡಾಲರುಗಳನ್ನು ದಾಟಿತು.

ಯೂಟಾದ ಶಾಸಕರು ಈ ಲೆಕ್ಕಕ್ಕೆ ಕಣ್ಣು ಮುಚ್ಚಿಕೊಳ್ಳಲಿಲ್ಲವೆಂಬುದು ಮೆಚ್ಚತಕ್ಕ ಮಾತು. ಅವರ ಅಪೇಕ್ಷೆಯಂತೆಯೇ ರಾಜ್ಯದ ವಿಶ್ವವಿದ್ಯಾನಿಲಯಗಳ ಅರ್ಥಶಾಸ್ತ್ರಜ್ಞರು 2014ರಲ್ಲಿ ಒಂದು ವರದಿ ಸಿದ್ಧಪಡಿಸಿದರು. ಈ ನೆಲವನ್ನು ನೋಡಿಕೊಳ್ಳಲು ವರ್ಷಕ್ಕೆ ಸುಮಾರು 28 ಕೋಟಿ ಡಾಲರು ಬೇಕೆಂದೂ, ಎಣ್ಣೆ ಮತ್ತು ಅನಿಲದ ಬೆಲೆ ಏರಿಯೇ ಇದ್ದರೆ ಅದು ಸಾಧ್ಯವೆಂದೂ ಅವರು ಹೇಳಿದರು. ಬೆಲೆ ಇಳಿದರೆ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸಂಪ್ರದಾಯವಾದಿ ರಾಜಕಾರಣದ ಮೊದಲ ಪಾಠ. ಯೂಟಾ ಸಾಲ ಮಾಡಿ ದಿನದ ವೆಚ್ಚ ನಡೆಸುವ ರಾಜ್ಯವಲ್ಲ. ಆದಾಯಕ್ಕೆ ವೆಚ್ಚ ಸರಿದೂಗಬೇಕು. ತೆರಿಗೆಯನ್ನು ಏರಿಸುವುದೂ ಆ ಪಕ್ಷಕ್ಕೆ ಸಮ್ಮತವಲ್ಲ. ಎಣ್ಣೆಯ ಬೆಲೆ ಕುಸಿದ ವರ್ಷವೇ ಕಾಡಿಗೆ ಬೆಂಕಿ ಬಿದ್ದರೆ ಉಳಿಯುವ ದಾರಿ ಒಂದೇ, ನೆಲದ ಮಾರಾಟ. ಸ್ಥಳೀಯರ ಕೈಗೆ ಅಧಿಕಾರ, ಜನರ ಮೇಲೆ ಹಗುರ ತೆರಿಗೆ, ಈ ಎರಡು ವ್ರತಗಳೂ ಒಂದೇ ಪಕ್ಷದವು; ಭೂಮಿಯ ವಿಷಯದಲ್ಲಿ ಮಾತ್ರ ಒಂದು ಇನ್ನೊಂದನ್ನು ಮುರಿಯುತ್ತದೆ.

ಇದು ಬರಿಯ ಊಹೆಯಲ್ಲ. ನೆವಾಡಕ್ಕೆ ಶಾಲೆಗಳಿಗೆಂದು ದೊರೆತ ಭೂಮಿ ಸುಮಾರು 27 ಲಕ್ಷ ಎಕರೆ. ಇಂದು ಉಳಿದಿರುವುದು ಮೂರು ಸಾವಿರದಷ್ಟು. ಯೂಟಾಕ್ಕೆ ದೊರೆತ 75 ಲಕ್ಷ ಎಕರೆಯಲ್ಲಿ ಅರ್ಧಕ್ಕಿಂತ ಕಡಮೆ ಉಳಿದಿದೆ. ಮಾರಿದ ನೆಲಕ್ಕೆ ಬೇಲಿ ಬಿದ್ದರೆ ಬೇಟೆಗಾರನಿಗೂ, ಗಾಳ ಹಾಕುವವನಿಗೂ, ರಜಾದಿನ ಮಕ್ಕಳೊಡನೆ ಡೇರೆ ಹೂಡುವ ಸಾಮಾನ್ಯ ಸಂಸಾರಿಗೂ ಪ್ರವೇಶವಿಲ್ಲ.

ನ್ಯಾಯಾಲಯದ ಬಾಗಿಲು, ಜನರ ಧ್ವನಿ

2024ರ ಆಗಸ್ಟಿನಲ್ಲಿ ಯೂಟಾ ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಈ ಬಾರಿ ಕೇಳಿದುದು 1 ಕೋಟಿ 85 ಲಕ್ಷ ಎಕರೆ. ಕರ್ನಾಟಕದ ಐದರಲ್ಲಿ ಎರಡು ಪಾಲಿನಷ್ಟು ನೆಲ. 2025ರ ಜನವರಿ 13ರಂದು ನ್ಯಾಯಾಲಯವು ಕಾರಣ ಹೇಳದೆಯೇ ಆ ಮೊಕದ್ದಮೆಯನ್ನು ಎತ್ತಿಕೊಳ್ಳಲು ನಿರಾಕರಿಸಿತು.

ಅದೇ ವರ್ಷದ ಜೂನ್‌ನಲ್ಲಿ ಯೂಟಾದ ಸೆನೆಟರ್ ಮೈಕ್ ಲೀ ಅವರು, ಪಶ್ಚಿಮದ ರಾಜ್ಯಗಳಲ್ಲಿ 20 ಲಕ್ಷ ಎಕರೆಗೂ ಹೆಚ್ಚು ಸರ್ಕಾರಿ ಭೂಮಿಯನ್ನು ಮಾರುವ ಅಂಶವೊಂದನ್ನು ಆಯವ್ಯಯದ ಮಸೂದೆಗೆ ಸೇರಿಸಲು ಯತ್ನಿಸಿದರು. ಅದನ್ನು ವಿರೋಧಿಸಿದವರಲ್ಲಿ ಪರಿಸರವಾದಿಗಳಷ್ಟೇ ಇರಲಿಲ್ಲ; ಲೀ ಅವರ ಪಕ್ಷಕ್ಕೇ ಮತ ಹಾಕುವ ಬೇಟೆಗಾರರು ಸಿಡಿದೆದ್ದರು. ಮೊಂಟಾನದ ಮತ್ತು ಐಡಹೊದ ರಿಪಬ್ಲಿಕನ್ ಸೆನೆಟರುಗಳು ಬೇಡವೆಂದರು. ಜೂನ್ 28ರಂದು ಪ್ರಸ್ತಾವ ಹಿಂದಕ್ಕೆ ಹೋಯಿತು. ಸರ್ಕಾರದ ಗಾತ್ರ ಕಿರಿದಾಗಲೆಂದು ಹಾರೈಸುವ ಮತದಾರನೂ ತನ್ನ ಕಾಡು ಕಿರಿದಾಗಲೆಂದು ಹಾರೈಸುವುದಿಲ್ಲ.

ಕೂಡಿ ದುಡಿಯುವ ದಾರಿ

ಈ ಗದ್ದಲದ ಮರೆಯಲ್ಲಿ ಸದ್ದಿಲ್ಲದೆ ನಡೆದ ಕೆಲಸವೊಂದಿದೆ. ಯೂಟಾದ ಜಲಾನಯನ ಪುನರುದ್ಧಾರ ಯೋಜನೆಯಲ್ಲಿ ರಾಜ್ಯದ ಹಣ, ಕೇಂದ್ರದ ಹಣ, ಬೇಟೆಗಾರರ ಸಂಘಗಳ ಕಾಣಿಕೆ ಒಂದೇ ಚೀಲಕ್ಕೆ ಬೀಳುತ್ತವೆ. ನೆಲ ಯಾರದೆಂದು ನೋಡದೆ, ಅತಿಯಾಗಿ ಹಬ್ಬಿದ ಜೂನಿಪರ್ ಮರಗಳನ್ನು ಕಡಿದು, ಸುಟ್ಟ ಬಯಲಿಗೆ ಒಳ್ಳೆಯ ಹುಲ್ಲಿನ ಬೀಜ ಬಿತ್ತುತ್ತಾರೆ. ಹೀಗೆ ಹದಗೊಂಡ ನೆಲ 20 ಲಕ್ಷ ಎಕರೆಯನ್ನು ಮೀರಿದೆ. 2014ರಿಂದ ಜಾರಿಯಲ್ಲಿರುವ ‘ಒಳ್ಳೆಯ ನೆರೆಯವ’ ಎಂಬ ಅಧಿಕಾರದಂತೆ ರಾಜ್ಯದ ಅರಣ್ಯ ನೌಕರರು ಕೇಂದ್ರದ ಕಾಡಿನಲ್ಲಿಯೂ ಕೆಲಸ ಮಾಡಬಹುದು. ನೆಲವನ್ನು ಬಿಟ್ಟುಕೊಡೆಂದು ಗಡುವು ಹಾಕಿದ ಹರ್ಬರ್ಟ್ ಅವರ ಆಡಳಿತವೇ 2019ರಲ್ಲಿ ಅರಣ್ಯ ಇಲಾಖೆಯೊಡನೆ ಹೊಣೆ ಹಂಚಿಕೊಳ್ಳುವ ಒಪ್ಪಂದಕ್ಕೆ ಬಂದಿತು.

ವಾಷಿಂಗ್ಟನ್ನಿನಲ್ಲಿಯೂ ಇದಕ್ಕೆ ಹೋಲುವ ನಿದರ್ಶನವಿದೆ. ಉದ್ಯಾನಗಳ ರಸ್ತೆ, ಸೇತುವೆ, ನೀರಿನ ಕೊಳವೆಗಳ ದುರಸ್ತಿಯ ಬಾಕಿಗಾಗಿ ಐದು ವರ್ಷಗಳವರೆಗೆ ವರ್ಷಕ್ಕೆ 190 ಕೋಟಿ ಡಾಲರುಗಳವರೆಗೆ ಒದಗಿಸುವ ಶಾಸನ 2020ರಲ್ಲಿ ಬಂದಿತು. ಅದನ್ನು ಮುಂದೆ ನಿಂತು ನಡೆಸಿದವರಲ್ಲಿ ಕೊಲರಾಡೊ, ಮೊಂಟಾನಗಳ ಇಬ್ಬರು ರಿಪಬ್ಲಿಕನ್ ಸೆನೆಟರುಗಳಿದ್ದರು. ಸಹಿ ಹಾಕಿದವರು ಅಧ್ಯಕ್ಷ ಟ್ರಂಪ್.

ಮಿತವ್ಯಯವೆಂದರೆ ಖರ್ಚನ್ನು ಮುಂದೂಡುವುದಲ್ಲ. ಇಂದು ಕಡಿಯದ ಕುರುಚಲು ನಾಳಿನ ಕಾಳ್ಗಿಚ್ಚು; ಇಂದು ಮುಚ್ಚದ ಬಿರುಕು ನಾಳೆ ಕುಸಿಯುವ ಸೇತುವೆ. ಖಾತೆ ಯಾರ ಹೆಸರಿನಲ್ಲಿದ್ದರೂ ಬೆಂಕಿ ಖಾತೆಯನ್ನು ಓದುವುದಿಲ್ಲ. 1932ರಲ್ಲಿ ಗವರ್ನರ್ ಡರ್ನ್ ಅವರು ಎತ್ತಿದ ಪ್ರಶ್ನೆ ಬಡರಾಜ್ಯವೊಂದರ ಲೆಕ್ಕಾಚಾರದ ಪ್ರಶ್ನೆಯಾಗಿತ್ತು. ಇಂದಿನ ಯೂಟಾ ಬಡರಾಜ್ಯವಲ್ಲ. ಆದರೂ ನೆಲ ನಮ್ಮದೆಂದು ಹೇಳುವ ಮುನ್ನ ಆ ಲೆಕ್ಕವನ್ನು ಪೂರ್ತಿಯಾಗಿ ಕೂಡಿಸಿ ತೆರಿಗೆದಾರನ ಮುಂದಿಡಬೇಕಾದ ಹೊಣೆ ಅಲ್ಲಿನ ಮುಖಂಡರ ಮೇಲೆ ಹಾಗೆಯೇ ಉಳಿದಿದೆ.