ಹಿಂಬಾಯಿ ಬಂದೂಕಿನ ಉದಯ: ಒಂದು ಸಂದಿನ ಇತಿಹಾಸ

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಇತಿಹಾಸವನ್ನು ಅಭ್ಯಾಸಮಾಡುವ ವಿದ್ಯಾರ್ಥಿಗೆ 1866ನೆಯ ಇಸವಿಯ ಆಸ್ಟ್ರಿಯ-ಪ್ರಷ್ಯ ಯುದ್ಧದ ಪ್ರಸ್ತಾಪ ಬಂದಾಗಲೆಲ್ಲ ‘ಸೂಜಿಬಂದೂಕು’ ಎಂಬ ಮಾತು ಎದುರಾಗುತ್ತದೆ. ಏಳು ವಾರಗಳಲ್ಲಿ ಮುಗಿದ ಆ ಯುದ್ಧದಲ್ಲಿ ಪ್ರಷ್ಯವು ಗೆದ್ದುದು ಆ ಬಂದೂಕಿನ ಬಲದಿಂದ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವ ವಾಡಿಕೆಯುಂಟು. ಈ ವಾಕ್ಯ ಪೂರ್ಣವಾಗಿ ಸುಳ್ಳಲ್ಲ. ಆದರೆ ಅದು ಎರಡು ಪ್ರಶ್ನೆಗಳನ್ನು ಮರೆಸಿಬಿಡುತ್ತದೆ. ಹಿಂಬದಿಯಿಂದ ಮದ್ದುಗುಂಡು ತುಂಬುವ ಬಂದೂಕಿನ ಕಲ್ಪನೆ ಬಹು ಹಳೆಯದು. ಹಾಗಿದ್ದೂ ಸೇನೆಗಳು ಅದನ್ನು ಅಷ್ಟು ತಡವಾಗಿ ಸ್ವೀಕರಿಸಿದುದೇಕೆ? ಸ್ವೀಕರಿಸಿದ ಮೇಲೆ ಅದು ತಾನಾಗಿಯೇ ಜಯವನ್ನು ತಂದುಕೊಟ್ಟಿತೆ? ಇವೆರಡನ್ನೂ ಇಲ್ಲಿ ಸಂಗ್ರಹವಾಗಿ ವಿಚಾರಮಾಡಬಹುದು.

ಮೊದಲು ಹಳೆಯ ಪದ್ಧತಿಯನ್ನು ನೆನೆಯೋಣ. ಮೂತಿಯಿಂದ ತುಂಬುವ ಬಂದೂಕಿನಲ್ಲಿ ಸೈನಿಕನು ಕಾಗದದ ತೋಟಾವನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಯೊಳಕ್ಕೆ ಸುರಿದು, ಗುಂಡನ್ನಿಟ್ಟು, ಗಜದಿಂದ ಜಡಿದು, ಕೊನೆಗೆ ಕೇಪನ್ನು ಕೂಡಿಸಬೇಕಾಗಿತ್ತು. ಇದಿಷ್ಟನ್ನೂ ಎದ್ದು ನಿಂತೇ ಮಾಡಬೇಕು; ಶತ್ರುವಿಗೆ ಮೈಯೊಡ್ಡದೆ ಗತ್ಯಂತರವಿರಲಿಲ್ಲ. ನಿಮಿಷಕ್ಕೆ ಎರಡು ಮೂರು ಗುಂಡುಗಳನ್ನು ಹಾರಿಸಿದರೆ ಅದೇ ಹೆಚ್ಚು. ಹಿಂಬದಿಯಿಂದ ತುಂಬುವುದಾದರೆ ಮಲಗಿದಲ್ಲಿಯೇ, ಮರದ ಮರೆಯಲ್ಲಿಯೇ ತುಂಬಬಹುದು. ಈ ಲಾಭ ಎಲ್ಲರಿಗೂ ತಿಳಿದಿತ್ತು.

ತೊಡಕೆಲ್ಲವೂ ಒಂದು ಸಂದಿನಲ್ಲಿತ್ತು. ನಳಿಗೆಯ ಹಿಂಬಾಯಿಯನ್ನು ತೆರೆದು ಮುಚ್ಚುವಂತೆ ಮಾಡಿದೊಡನೆ, ಮುಚ್ಚಳಕ್ಕೂ ನಳಿಗೆಗೂ ನಡುವೆ ಕೂದಲೆಳೆಯಷ್ಟಾದರೂ ಬಿರುಕು ಉಳಿಯುತ್ತದೆ. ಮದ್ದು ಸಿಡಿದಾಗ ಹುಟ್ಟುವ ಉರಿಗಾಳಿ ಆ ಬಿರುಕಿನಿಂದ ಸೈನಿಕನ ಮುಖದತ್ತ ನುಗ್ಗುತ್ತದೆ. ಗುಂಡಿನ ವೇಗವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಸಂದನ್ನು ಬಿಗಿಮಾಡಿದರೆ ಸುಟ್ಟ ಮದ್ದಿನ ಕಿಟ್ಟ ಕಟ್ಟಿ ಮುಚ್ಚಳ ಅಲುಗದಂತಾಗುತ್ತದೆ. ಸಡಿಲವಾದರೆ ಉರಿ, ಬಿಗಿಯಾದರೆ ತಡೆ ಎಂಬ ಈ ಉಭಯಸಂಕಟವೇ ಹಿಂಬಾಯಿ ಬಂದೂಕಿನ ಆರಂಭದ ಇತಿಹಾಸದ ತಿರುಳು.

ಬ್ರಿಟಿಷ್ ಅಧಿಕಾರಿ ಪ್ಯಾಟ್ರಿಕ್ ಫರ್ಗುಸನ್ನನು 1776ರಲ್ಲಿ ತಿರುಪಿನ ಮುಚ್ಚಳವುಳ್ಳ ರೈಫಲ್ಲನ್ನು ಸಿದ್ಧಪಡಿಸಿದನು. ಸುಮಾರು ನೂರು ಬಂದೂಕುಗಳು ಮಾತ್ರ ತಯಾರಾಗಿ ಅಮೆರಿಕದ ಯುದ್ಧಕ್ಕೆ ಹೋದವು. ತಿರುಪನ್ನು ಕೊರೆಯುವುದು ದುಬಾರಿಯ ಕುಶಲಕಾರ್ಯವಾಗಿತ್ತು. ಪ್ರಯೋಗವು ಅಲ್ಲಿಗೇ ನಿಂತಿತು. ಅಮೆರಿಕದ ಜಾನ್ ಹಾಲ್ 1811ರಲ್ಲಿ ಹಕ್ಕುಪತ್ರ ಪಡೆದ ಬಂದೂಕನ್ನು ಆ ದೇಶದ ಸೇನೆ 1819ರಲ್ಲಿ ಒಪ್ಪಿಕೊಂಡಿತು. ಅದರ ಭಾಗಗಳನ್ನು ಒಂದರಿಂದ ಮತ್ತೊಂದಕ್ಕೆ ಬದಲಾಯಿಸಬಹುದಾಗಿತ್ತೆಂಬುದು ಯಂತ್ರೋದ್ಯಮದ ಇತಿಹಾಸದಲ್ಲಿ ದೊಡ್ಡ ಸಂಗತಿ. ಆದರೆ ಸಂದಿನ ಸೋರಿಕೆ ಅದರಲ್ಲಿಯೂ ನಿಲ್ಲಲಿಲ್ಲ. ಇಷ್ಟರಲ್ಲಿ 1849ರ ಸುಮಾರಿಗೆ ಫ್ರಾನ್ಸಿನ ಮಿನಿಯೆ ಎಂಬಾತನ ಟೊಳ್ಳುಬುಡದ ಗುಂಡು ಬಂದಿತು. ಅದು ಮೂತಿಯಿಂದ ಸಲೀಸಾಗಿ ಇಳಿದು, ಸಿಡಿದಾಗ ಹಿಗ್ಗಿ, ನಳಿಗೆಯ ಸುರುಳಿಗೆರೆಗಳನ್ನು ಹಿಡಿಯುತ್ತಿತ್ತು. ಹಳೆಯ ಪದ್ಧತಿಯಲ್ಲಿಯೇ ದೂರದ ಗುರಿ ಸಾಧ್ಯವಾದುದರಿಂದ ಹೆಚ್ಚಿನ ಸೇನೆಗಳು ಹಿಂಬಾಯಿಯ ಗೊಡವೆಗೆ ಹೋಗಲಿಲ್ಲ.

ಇದಕ್ಕೆ ದೊಡ್ಡ ಅಪವಾದ ಪ್ರಷ್ಯ. ಸೊಮ್ಮರ್ದಾ ಊರಿನ ಯೋಹಾನ್ ನಿಕೊಲಾಸ್ ಡ್ರೈಸೆ ತರುಣನಾಗಿದ್ದಾಗ ಪ್ಯಾರಿಸಿನಲ್ಲಿ ಸ್ವಿಟ್ಸರ್ಲೆಂಡಿನ ಪೌಲಿಯ ಕೈಕೆಳಗೆ ಕೆಲಸಮಾಡಿದ್ದನು. ಅವನು ರೂಪಿಸಿದ ಬಂದೂಕಿಗೆ ಬಾಗಿಲಿನ ಅಗುಳಿಯಂತೆ ಹಿಂದಕ್ಕೂ ಮುಂದಕ್ಕೂ ಸರಿಯುವ ಮುಚ್ಚಳವಿತ್ತು. ಅದರೊಳಗಿನ ನೀಳವಾದ ಸೂಜಿಯು ಕಾಗದದ ತೋಟಾವನ್ನು ಚುಚ್ಚಿ, ಮದ್ದನ್ನು ಹಾಯ್ದು, ಗುಂಡಿನ ಬುಡದಲ್ಲಿದ್ದ ಕಿಡಿಮದ್ದನ್ನು ಮುಟ್ಟುತ್ತಿತ್ತು. 1840ರ ಕೊನೆಯಲ್ಲಿ ಪ್ರಷ್ಯದ ಅರಸನು ಅರವತ್ತು ಸಾವಿರ ಬಂದೂಕುಗಳಿಗೆ ಅಪ್ಪಣೆಕೊಟ್ಟನು. ಗುಟ್ಟು ಬಯಲಾಗದಿರಲೆಂದು ಅದಕ್ಕೆ ‘1841ರ ಮಾದರಿಯ ಹಗುರ ಕೇಪು ಬಂದೂಕು’ ಎಂಬ ಹೆಸರಿಡಲಾಯಿತು.

ಡ್ರೈಸೆ ಸಂದಿನ ಸಮಸ್ಯೆಯನ್ನು ಬಿಡಿಸಲಿಲ್ಲವೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅವನ ಬಂದೂಕು ಸೋರುತ್ತಿತ್ತು. ಪದೇಪದೇ ಉರಿಯಲ್ಲಿ ಬೆಂದು ಸೂಜಿ ಮುರಿಯುತ್ತಿದ್ದುದರಿಂದ ಸೈನಿಕರು ಬಿಡಿ ಸೂಜಿಗಳನ್ನು ಒಯ್ಯಬೇಕಾಗಿತ್ತು. ದೂರಕ್ಕೆ ಗುಂಡೆಸೆಯುವುದರಲ್ಲಿ ಆಸ್ಟ್ರಿಯದ ಮೂತಿಬಂದೂಕೇ ಮೇಲಾಗಿತ್ತು. ಪ್ರಷ್ಯವು ಈ ದೋಷಗಳನ್ನು ಸಹಿಸಿ, ಬೇಗ ತುಂಬುವ ಮತ್ತು ಮಲಗಿ ತುಂಬುವ ಅನುಕೂಲವನ್ನು ಆರಿಸಿಕೊಂಡಿತು. 1864ರ ಜುಲೈ 3ರಂದು ಡೆನ್ಮಾರ್ಕಿನ ಲುಂಡ್ಬಿಯಲ್ಲಿ ಬಯೋನೆಟ್ ಹಿಡಿದು ಮುನ್ನುಗ್ಗಿದ ಡೇನರ ದಳದಲ್ಲಿ ಅಲ್ಪಕಾಲದಲ್ಲಿಯೇ ಹಲವು ಹತ್ತು ಜನ ನೆಲಕ್ಕುರುಳಿದರು. ಪ್ರಷ್ಯನ್ನರಲ್ಲಿ ಗಾಯಗೊಂಡವರು ಮೂವರು. ಸರಿಯಾಗಿ ಎರಡು ವರ್ಷಗಳ ಬಳಿಕ, 1866ರ ಜುಲೈ 3ರಂದು, ಬೊಹೀಮಿಯದ ಕ್ಯೋನಿಗ್‌ಗ್ರೇಟ್ಸಿನಲ್ಲಿ ಅದೇ ಪಾಠ ಮಹಾಪ್ರಮಾಣದಲ್ಲಿ ಪುನರಾವರ್ತನೆಗೊಂಡಿತು. ಸೆರೆಸಿಕ್ಕವರೂ ಸೇರಿ ಆಸ್ಟ್ರಿಯದ ಪಕ್ಷದ ನಷ್ಟ ನಲವತ್ತು ಸಾವಿರವನ್ನು ಮೀರಿತು. ಪ್ರಷ್ಯದ್ದು ಸುಮಾರು ಒಂಬತ್ತು ಸಾವಿರ. ಗುಂಪುಗೂಡಿ ಬಯೋನೆಟ್ಟಿನೊಡನೆ ಮೇಲೆ ಬೀಳುವ ಆಸ್ಟ್ರಿಯದ ಯುದ್ಧತಂತ್ರವು ತನ್ನ ದೂರದ ಗುರಿಯ ಲಾಭವನ್ನು ತಾನೇ ಬಿಟ್ಟುಕೊಟ್ಟು, ಶತ್ರುವಿನ ಬಂದೂಕು ಹೆಚ್ಚು ಫಲಕಾರಿಯಾಗುವ ಅಂತರಕ್ಕೆ ಸೈನಿಕರನ್ನು ತಂದು ನಿಲ್ಲಿಸಿತ್ತು.

ಅದೇ ವರ್ಷ ಫ್ರಾನ್ಸ್ ಶಾಸ್ಪೊನ ಬಂದೂಕನ್ನು ಸ್ವೀಕರಿಸಿತು. ಇದೂ ಸೂಜಿಬಂದೂಕೇ, ಆದರೆ ಮುಚ್ಚಳದ ತಲೆಯಲ್ಲಿ ರಬ್ಬರಿನ ಬಳೆಯೊಂದಿತ್ತು. ಸಿಡಿತದ ಒತ್ತಡಕ್ಕೆ ಅದು ಚಪ್ಪಟೆಯಾಗಿ ಹರಡಿ ಸಂದನ್ನು ಮುಚ್ಚುತ್ತಿತ್ತು. ಇದರ ಗುರಿಪಟ್ಟಿ 1,200 ಮೀಟರುಗಳವರೆಗೆ ಇತ್ತು. ಡ್ರೈಸೆಯದು ಅದರ ಅರ್ಧದಷ್ಟು. 1870ರ ಆಗಸ್ಟ್ 18ರಂದು ಸೇಂಟ್ ಪ್ರಿವಾ ಹಳ್ಳಿಯೆದುರಿನ ಬಯಲಿನಲ್ಲಿ ಪ್ರಷ್ಯದ ರಕ್ಷಾದಳ ಈ ಬಂದೂಕಿಗೆ ಎದುರಾಗಿ ಸುಮಾರು ಎಂಟು ಸಾವಿರ ಜನರನ್ನು ಕಳೆದುಕೊಂಡಿತು. ಆದರೂ ಯುದ್ಧವನ್ನು ಸೋತುದು ಫ್ರಾನ್ಸೇ. ಪ್ರಷ್ಯದ ಉಕ್ಕಿನ ಫಿರಂಗಿಗಳೂ ಸೇನಾವ್ಯವಸ್ಥೆಯೂ ಬಂದೂಕಿನ ಕೊರತೆಯನ್ನು ತುಂಬಿಕೊಟ್ಟವು. ನಮ್ಮ ಎರಡನೆಯ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯುತ್ತದೆ: ಉತ್ತಮ ಬಂದೂಕು 1866ರಲ್ಲಿ ಗೆದ್ದ ಪಕ್ಷದಲ್ಲಿತ್ತು, 1870ರಲ್ಲಿ ಸೋತ ಪಕ್ಷದಲ್ಲಿತ್ತು.

ರಬ್ಬರಿನ ಬಳೆಯೂ ಬಹುಕಾಲ ಬಾಳಲಿಲ್ಲ. ಬಿಸಿಗೆ ಅದು ಸವೆದುಹೋಗುತ್ತಿತ್ತು. ಕೊನೆಯ ಪರಿಹಾರ ಬಂದುದು ಬಂದೂಕಿನಿಂದಲ್ಲ, ತೋಟಾದಿಂದ. ಹಿತ್ತಾಳೆಯ ಕೋಶವು ಸಿಡಿತದ ಕ್ಷಣದಲ್ಲಿ ಹಿಗ್ಗಿ ನಳಿಗೆಯ ಗೋಡೆಗೆ ಅಂಟಿಕೊಂಡು ಉರಿಗಾಳಿಯನ್ನು ತಡೆಯುತ್ತದೆ. ಒತ್ತಡ ಇಳಿದಾಗ ತುಸು ಕುಗ್ಗಿ ಸುಲಭವಾಗಿ ಹೊರಬರುತ್ತದೆ. ಹೀಗೆ ಪ್ರತಿಯೊಂದು ತೋಟಾವೂ ತನ್ನ ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ. ಸವೆಯುವ ಭಾಗವನ್ನು ಪ್ರತಿಸಲವೂ ಎಸೆದುಬಿಡಲಾಗುತ್ತದೆ. 1866ರಲ್ಲಿ ಬ್ರಿಟಿಷ್ ಸೇನೆಯು ತನ್ನ ಎನ್‌ಫೀಲ್ಡ್ ಬಂದೂಕುಗಳಿಗೆ ಜೇಕಬ್ ಸ್ನೈಡರನ ಹಿಂಬಾಯಿಯನ್ನು ಜೋಡಿಸಿ, ಬಾಕ್ಸರನ ಹಿತ್ತಾಳೆಯ ತೋಟಾವನ್ನು ಬಳಸಿತು. ಶಾಸ್ಪೊ ಬಂದೂಕುಗಳನ್ನೂ 1874ರ ಗ್ರಾ ಪದ್ಧತಿಯಂತೆ ಲೋಹದ ತೋಟಾಕ್ಕೆ ಹೊಂದಿಸಲಾಯಿತು.

ಭಾರತದ ಓದುಗರಿಗೆ ಎನ್‌ಫೀಲ್ಡಿನ ಹೆಸರು ಅಪರಿಚಿತವಲ್ಲ. 1857ರಲ್ಲಿ ಸಿಪಾಯಿಗಳು ಬಾಯಿಂದ ಕಚ್ಚಲೊಪ್ಪದ ಕೊಬ್ಬು ಸವರಿದ ತೋಟಾ ಇದೇ ಬಂದೂಕಿನದು. ಸ್ನೈಡರನ ಪದ್ಧತಿ ಬಂದಾಗ ಕಚ್ಚುವ ಅಗತ್ಯವೇ ಇಲ್ಲವಾಯಿತು. ಆದರೆ ಆ ವರ್ಷದ ಅವಿಶ್ವಾಸ ಉಳಿಯಿತು. ಬ್ರಿಟಿಷ್ ಸೈನಿಕರಿಗೆ ಹಿಂಬಾಯಿ ಬಂದೂಕು ಬಂದಾಗ ಭಾರತೀಯ ಸೈನಿಕರ ಕೈಯಲ್ಲಿ ಮೂತಿಬಂದೂಕೇ ಇತ್ತು. ಅವರಿಗೆ ಮಾರ್ಟಿನಿ-ಹೆನ್ರಿ ದೊರೆತ ಬಳಿಕ ಇವರಿಗೆ ಸ್ನೈಡರ್ ಬಂದಿತು. ಒಂದು ತಲೆಮಾರಿನ ಈ ಅಂತರ ಉದ್ದೇಶಪೂರ್ವಕವಾದುದು.

ಇದರಿಂದ ಇತಿಹಾಸದ ಅಭ್ಯಾಸಿಯು ಗ್ರಹಿಸಬೇಕಾದುದು ಇಷ್ಟು. ಒಂದು ಸಾಧನವನ್ನು ಮೊದಲು ಕಲ್ಪಿಸಿದವರಾರೆಂಬ ಪ್ರಶ್ನೆಗಿಂತ, ಅದನ್ನು ತಡೆದಿದ್ದ ಅಡ್ಡಿ ಯಾವುದು, ಆ ಅಡ್ಡಿ ಎಲ್ಲಿ ಕರಗಿತು ಎಂಬ ಪ್ರಶ್ನೆ ಹೆಚ್ಚು ಫಲಪ್ರದವಾದುದು. ನೂರು ವರ್ಷಗಳ ಕಾಲ ಕುಶಲಿಗಳು ಮುಚ್ಚಳವನ್ನು ತಿದ್ದಿದರು. ಸಂದು ಮುಚ್ಚಿದುದು ಹಿತ್ತಾಳೆಯ ತೆಳುಕೋಶದಿಂದ.